ಇಸಿಜಿ ನಾರ್ಮಲ್, ಆದ್ರೂ ಎದೆ ಢವಢವ: ಇದು ಆಂಗ್ಸೈಟಿಯಾ ಅಂತ ಗುರುತು ಹಿಡಿಯೋದು ಹೇಗೆ

ನಮ್ಮ ಕಡೆ ಯಾರೂ "ನಂಗೆ ಆಂಗ್ಸೈಟಿ (ಅತಿಯಾದ ಆತಂಕದ ಕಾಯಿಲೆ) ಉಂಟು" ಅಂತ ಹೇಳ್ಕೊಂಡು ಬರೋದಿಲ್ಲ. ಗ್ಯಾಸ್ ಅಂತಾರೆ, ಪಿತ್ತ ಅಂತಾರೆ, ಬಿಪಿ ಲೋ ಆಯ್ತು ಅಂತಾರೆ, ಎದೆಯಲ್ಲಿ ಎಂಥದ್ದೋ ಹಿಡ್ಕೊಂಡ ಹಾಗೆ ಆಗ್ತದೆ ಅಂತಾರೆ, ತೀರಾ ಗುರ್ತದವರಾದ್ರೆ "ಸ್ವಲ್ಪ ಮಂಡೆಬೆಚ್ಚ ಮಾರಾಯ್ರೆ" (ಮಂಡೆಬೆಚ್ಚ ಅಂದ್ರೆ ತಲೆಬಿಸಿ, ಚಿಂತೆ) ಅಂತ ನಗಾಡಿ ಬಿಡ್ತಾರೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸೈಡಲ್ಲಿ ಮೆಡಿಕಲ್ ಶಾಪಲ್ಲಿ ಕೂರೋನು, ಡಾಕ್ಟ್ರಲ್ಲ ಆಯ್ತಾ, ಆದ್ರೆ ಗ್ಯಾಸಿನ ಮಾತ್ರೆ ಸ್ಟ್ರಿಪ್ಪುಗಟ್ಟಲೆ ತಗೊಂಡು ಹೋಗೋರ ಕೈಯಲ್ಲಿ ಮಂಗಳೂರಿನ ಇಸಿಜಿ, ಎಕೋ, ಎಂಡೋಸ್ಕೋಪಿ ರಿಪೋರ್ಟಿನ ದಪ್ಪ ಫೈಲ್ ನೋಡ್ತಾ ಇರ್ತೇನೆ, ರಿಪೋರ್ಟ್ ಎಲ್ಲಾ ನಾರ್ಮಲ್, ಮನುಷ್ಯನಿಗೆ ಮಾತ್ರ ಸಮಾಧಾನ ಇಲ್ಲ. ಅಂಥವರಿಗೂ ಅವರ ಮನೆಯವರಿಗೂ ಅಂತ ಇದನ್ನ ಬರೀತಾ ಇದ್ದೇನೆ. ಓದಿ ನೀವೇ ಕಾಯಿಲೆ ತೀರ್ಮಾನ ಮಾಡ್ಲಿಕ್ಕಲ್ಲ, ಯಾವಾಗ ಯಾರ ಹತ್ರ ಹೋಗಿ ಎಂತ ಹೇಳ್ಬೇಕು ಅಂತ ಗೊತ್ತಾಗ್ಲಿಕ್ಕೆ.

ಹೆದರಿಕೆ ಬೇರೆ, ಕಾಯಿಲೆ ಬೇರೆ

ಜುಲೈಯಲ್ಲಿ ಮಳೆ ಬಿಡದೆ ಹೊಡೆದು, ಅಡಿಕೆಗೆ ಎರಡನೇ ಸಲ ಬೋರ್ಡೋ ಮದ್ದು ಬಿಡ್ಲಿಕ್ಕೆ ಬಿಸಿಲೂ ಇಲ್ಲ ಮದ್ದು ಬಿಡೋ ಜನವೂ ಇಲ್ಲ, ಕೊಳೆರೋಗ ಬಂದು ಎಳೆ ಅಡಿಕೆ ಉದುರ್ತಾ ಉಂಟು, ಆಗ ತೋಟದವರಿಗೆ ರಾತ್ರಿ ನಿದ್ದೆ ಬರೋದಿಲ್ಲ ಅಂದ್ರೆ ಅದು ಕಾಯಿಲೆ ಅಲ್ಲ. ಗಲ್ಫಲ್ಲಿ ಇರೋ ಮಗನ ಕೆಲಸ ಹೋಯ್ತು, ವೀಸಾ ಮುಗಿಯೋ ಹೊತ್ತಾಯ್ತು ಅಂತ ಅಮ್ಮನಿಗೆ ಅನ್ನ ಸೇರದಿದ್ರೆ ಅದೂ ಅಲ್ಲ. ಕಾರಣ ಉಂಟು, ಕಾರಣ ಕಮ್ಮಿಯಾದ ಹಾಗೆ ಹೆದರಿಕೆನೂ ಇಳೀತದೆ. ಆದ್ರೆ ಮಳೆಗಾಲ ಮುಗಿದು ಅಡಿಕೆ ಅಂಗಳಕ್ಕೆ ಬಂದು ರೇಟೂ ಸಿಕ್ಕಿದ ಮೇಲೂ ಹೊಟ್ಟೆಯೊಳಗಿನ ಕಿವುಚಾಟ ಬಿಡ್ಲಿಲ್ಲ, ಈಗ ಅದು ಮಗಳ ಪರೀಕ್ಷೆಗೆ ಅಂಟ್ಕೊಂಡಿತು, ಪರೀಕ್ಷೆ ಮುಗಿದ್ರೆ ಗ್ಯಾಸ್ ಸಿಲಿಂಡರ್ ಆಫ್ ಮಾಡಿದ್ದೇನಾ ಇಲ್ವಾ ಅನ್ನೋದಕ್ಕೆ, ಹೀಗೆ ಒಂದರಿಂದ ಇನ್ನೊಂದಕ್ಕೆ ಹಾರ್ತಾ ಇದ್ರೆ, ಅಲ್ಲಿಗೆ ಸ್ವಲ್ಪ ನಿಂತು ನೋಡ್ಬೇಕು.

ನೋಡೋದು ಮೂರು ವಿಷ್ಯ. ಎಷ್ಟು ಸಮಯದಿಂದ ಉಂಟು, ಕಾರಣಕ್ಕೆ ತಕ್ಕಷ್ಟೇ ಉಂಟಾ ಇಲ್ಲ ಮೀರಿ ಹೋಗಿದೆಯಾ, ಮತ್ತೆ ಮೂರನೇದು, ಈ ಹೆದರಿಕೆಯಿಂದಾಗಿ ನೀವು ಎಂತೆಲ್ಲ ಮಾಡೋದು ಬಿಟ್ರಿ. ನನ್ನ ಪ್ರಕಾರ ಮೂರನೇದೇ ಮುಖ್ಯ, ಯಾಕಂದ್ರೆ ಮೊದಲ ಎರಡರಲ್ಲಿ ಜನ ಸುಳ್ಳು ಹೇಳ್ತಾರೆ, ಡಾಕ್ಟ್ರ ಹತ್ರ ಮಾತ್ರ ಅಲ್ಲ, ಅವರವರ ಹತ್ರನೇ. "ಹೆದರಿಕೆ ಎಂತ ಇಲ್ಲ, ಹೋಗ್ಲಿಕ್ಕೆ ಮನಸ್ಸಿಲ್ಲ ಅಷ್ಟೇ", "ಪುರ್ಸೊತ್ತಿಲ್ಲ", "ಬಿಸಿಲು ಜಾಸ್ತಿ". ಹಾಗಾಗಿ ಎಷ್ಟು ಹೆದರಿಕೆ ಅಂತ ಕೇಳ್ಬೇಡಿ. ಎರಡು ವರ್ಷದ ಹಿಂದೆ ಮಾಡ್ತಾ ಇದ್ದು ಈಗ ಮಾಡದೆ ಇರೋದರ ಪಟ್ಟಿ ಮಾಡಿ. ಒಬ್ಬರೇ ಬಸ್ಸಲ್ಲಿ ಮಂಗಳೂರಿಗೆ ಹೋಗೋದು, ಮದುವೆಯಲ್ಲಿ ಪಂಕ್ತಿಯ ನಡುವಲ್ಲಿ ಊಟಕ್ಕೆ ಕೂರೋದು, ರಾತ್ರಿ ಯಕ್ಷಗಾನ ಆಟ ನೋಡ್ಲಿಕ್ಕೆ ಹೋಗೋದು, ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂರೋದು (ನಗ್ಬೇಡಿ, ಬಟ್ಟೆ ಕಟ್ಟಿ ಕೂರಿಸಿದ ಮೇಲೆ ನಡುವಲ್ಲಿ ಏಳ್ಲಿಕ್ಕೆ ಆಗೋದಿಲ್ಲ ಅಂತ ಮನೆಯಲ್ಲೇ ಕೂದಲು ಕಟ್ ಮಾಡಿಸೋರು ಇದ್ದಾರೆ), ಗುರ್ತ ಇಲ್ಲದ ನಂಬರಿಂದ ಫೋನ್ ಬಂದ್ರೆ ಎತ್ತೋದು. ಪಟ್ಟಿ ಉದ್ದ ಆಗ್ತಾ ಹೋದ್ರೆ, ಬಾಯಲ್ಲಿ ಎಷ್ಟು "ನಂಗೆಂತ ಇಲ್ಲ" ಅಂದ್ರೂ ಉಂಟು ಅಂತಲೇ ಲೆಕ್ಕ.

ಬಿಡೋದ್ರಿಂದ ಯಾಕೆ ಜಾಸ್ತಿ ಆಗೋದು ಅಂತ ಒಂದು ಸಲ ಅರ್ಥ ಆದ್ರೆ ಮುಂದಿನದ್ದೆಲ್ಲ ಸುಲಭ. ಬಸ್ ಹತ್ತುವ ಮೊದ್ಲು ಎದೆ ಹೊಡ್ಕೊಂಡಿತು, ನೀವು ವಾಪಸ್ ಮನೆಗೆ ಬಂದ್ರಿ, ಐದು ನಿಮಿಷದಲ್ಲಿ ಹಗುರ ಆಯ್ತು. ಆ ಹಗುರ ಉಂಟಲ್ಲ, ಅದೇ ಕೆಲಸ ಕೆಡಿಸೋದು. ಹತ್ತದೆ ಇದ್ದದ್ದಕ್ಕೇ ಬಚಾವ್ ಆದದ್ದು ಅಂತ ಮೈಗೆ ಪಾಠ ಆಗ್ತದೆ, ನಾಳೆ ಬಸ್‌ಸ್ಟ್ಯಾಂಡ್ ನೋಡಿದ್ರೇ ಸಾಕು, ನಾಡಿದ್ದು ಹೊರಡುವ ಡ್ರೆಸ್ ಹಾಕುವಾಗಲೇ ಶುರು. ಹತ್ತಿ ಕೂತಿದ್ರೆ ಸ್ವಲ್ಪ ಹೊತ್ತಲ್ಲಿ ತಾನಾಗಿ ಇಳೀತಾ ಇತ್ತು ಅನ್ನೋದು ನೋಡ್ಲಿಕ್ಕೇ ಸಿಕ್ಕೋದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿ ಬಿಡ್ತೇನೆ. ಕಾರಣ ಉಂಟು ಅಂದ ಮಾತ್ರಕ್ಕೆ ಚಿಕಿತ್ಸೆ ಬೇಡ ಅಂತ ಅಲ್ಲ. ನಮ್ಮಲ್ಲಿ ಎಣ್ಮಕಜೆ, ಪಡ್ರೆ ಕಡೆ ಗೇರು ತೋಟಕ್ಕೆ 2000ದ ವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಬ್ಯಾನ್ ಮಾಡಿದ್ದು ಎಲ್ಲರಿಗೂ ಗೊತ್ತುಂಟು, ಎದ್ದು ನಿಲ್ಲಲಾಗದ ಮಕ್ಕಳನ್ನ ವರ್ಷಗಟ್ಟಲೆ ನೋಡ್ಕೊಳ್ಳೋ ಅಮ್ಮಂದಿರಿಗೆ "ನಾನು ಹೋದ ಮೇಲೆ ಇದರ ಗತಿ ಎಂತ" ಅನ್ನೋ ಚಿಂತೆ ಇರೋದು ನ್ಯಾಯವೇ. ಆದ್ರೆ ಆ ಚಿಂತೆ ನಿದ್ದೆ ತಿಂದು, ಊಟ ತಿಂದು, ಎದೆ ಹಿಡ್ಕೊಂಡು ಕೂರೋ ಹಾಗೆ ಮಾಡಿದ್ರೆ ಅದಕ್ಕೂ ಮದ್ದುಂಟು. "ಇಂಥ ಪರಿಸ್ಥಿತಿಯಲ್ಲಿ ಯಾರಿಗಾದ್ರೂ ಹಾಗೇ ಆಗೋದು" ಅಂತ ಹೇಳಿ ಅವರನ್ನ ಹಾಗೇ ಬಿಡೋದು ಸರಿಯಲ್ಲ.

ಏಕಾಏಕಿ ಬಂದು ಸಾಯಿಸುವ ಹಾಗೆ ಮಾಡೋದು

ಇದು ಪ್ಯಾನಿಕ್ ಅಟ್ಯಾಕ್. ಹೆಚ್ಚಿನವರು ಕ್ಯಾಶುವಲ್ಟಿಗೆ ಓಡೋದು ಇದರಿಂದಲೇ. ಸುಮ್ಮನೆ ಕೂತಲ್ಲಿ, ಕೆಲವರಿಗೆ ನಿದ್ದೆಯಿಂದ ಎಬ್ಬಿಸಿ ಬರ್ತದೆ, ನಿಮಿಷಗಳಲ್ಲಿ ತಾರಕಕ್ಕೆ ಹೋಗ್ತದೆ. ಎದೆ ಬಡಿತ, ಬೆವರು, ನಡುಕ, ಉಸಿರು ಸಾಕಾಗದ ಹಾಗೆ, ಗಂಟಲು ಕಟ್ಟಿದ ಹಾಗೆ, ಎದೆನೋವು, ಹೊಟ್ಟೆ ತೊಳಸೋದು, ತಲೆ ತಿರುಗೋದು, ಮೈ ಬಿಸಿ ಇಲ್ಲದ್ರೆ ಚಳಿ, ಬೆರಳು ತುಟಿಯಲ್ಲಿ ಜುಮುಜುಮು, ಸುತ್ತ ಇರೋದೆಲ್ಲ ನಿಜ ಅಲ್ಲವೇನೋ ಅನ್ನಿಸೋದು, ಹುಚ್ಚು ಹಿಡೀತದೆ ಅಂತ ಹೆದರಿಕೆ, ಈಗ ಸತ್ತೇ ಹೋಗ್ತೇನೆ ಅಂತ ಹೆದರಿಕೆ. ಡಾಕ್ಟ್ರುಗಳ ಪಟ್ಟಿಯಲ್ಲಿ ಇಂಥದ್ದು 13 ಉಂಟು, ಅದರಲ್ಲಿ 4 ಒಟ್ಟಿಗೆ ಬಂದ್ರೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ಜುಮುಜುಮು ಯಾಕೆ ಅಂದ್ರೆ ಗಾಬರಿಯಲ್ಲಿ ಜೋರು ಜೋರು ಉಸಿರು ಎಳೆದು ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗ್ತದೆ, ಅದ್ರಿಂದ ಬೆರಳು ಮರಗಟ್ಟೋದು, ತಲೆ ಹಗುರ ಆಗೋದು. ಪಾರ್ಶ್ವವಾಯು ಬಂತು ಅಂತ ಹೆದರಿ ಇನ್ನೂ ಜೋರು ಉಸಿರು, ಅದ್ರಿಂದ ಇನ್ನೂ ಜುಮುಜುಮು.

ಒಂದು ಸಲ ಅಟ್ಯಾಕ್ ಬಂದ ಕೂಡ್ಲೇ ಕಾಯಿಲೆ ಅಂತ ಅಲ್ಲ, ಜೀವಮಾನದಲ್ಲಿ ಒಂದೆರಡು ಸಲ ಬಂದು ಹೋದವರು ಬೇಕಾದಷ್ಟು ಜನ ಇದ್ದಾರೆ. ಕಾರಣ ಇಲ್ಲದೆ ಪುನಃ ಪುನಃ ಬಂದು, ಮುಂದಿನದ್ದು ಯಾವಾಗ ಬರ್ತದೋ ಅನ್ನೋ ಚಿಂತೆಯಲ್ಲೇ ಒಂದು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಕಳೆದ್ರೆ, ಅದಕ್ಕೆ ಹೆದರಿ ದಿನಚರಿನೇ ಬದಲಾದ್ರೆ, ಆಗ ಪ್ಯಾನಿಕ್ ಡಿಸಾರ್ಡರ್.

ಇಲ್ಲಿ ಒಂದು ಜಾಗ್ರತೆ. ಮೊದಲ ಸಲ ಎದೆನೋವು ಬಂದಾಗ "ಓಹ್ ಇದು ಪ್ಯಾನಿಕ್, ಎಲ್ಲೋ ಓದಿದ್ದೇನೆ" ಅಂತ ಕೂರ್ಬೇಡಿ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಬಂದು ಕೂತ್ರೆ ಕಮ್ಮಿಯಾಗೋ ನೋವು, ಎಡಗೈಗೆ ದವಡೆಗೆ ಬೆನ್ನಿಗೆ ಹಬ್ಬೋ ನೋವು, ತಣ್ಣನೆ ಬೆವರಿನ ಜೊತೆ ಎದೆ ಒತ್ತೋದು, ಇದಕ್ಕೆಲ್ಲ 108ಕ್ಕೆ ಫೋನ್ ಮಾಡೋದು ಅಥವಾ ಸಿಕ್ಕಿದ ಗಾಡಿ ಹತ್ತೋದು. ಶುಗರ್ ಇರೋರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಹಾರ್ಟ್ ಅಟ್ಯಾಕ್ ಬರೀ ಸುಸ್ತು, ಏದುಸಿರು, ಹೊಟ್ಟೆ ತೊಳಸು ಅಂತ ಬರೋದೂ ಉಂಟು. ಹೃದಯ ಸರಿ ಉಂಟು ಅಂತ ಡಾಕ್ಟ್ರು ಹೇಳಿದ ಮೇಲೆ ಮಾತ್ರ ಪ್ಯಾನಿಕ್ ವಿಷ್ಯ. ಆದ್ರೆ ಒಂದು ಸಲ ಸರಿಯಾಗಿ ನೋಡಿ ಹೇಳಿದ ಮೇಲೆ ಅದೇ ಟೆಸ್ಟನ್ನ ಆಸ್ಪತ್ರೆ ಬದಲಿಸಿ ಬದಲಿಸಿ ಮಾಡಿಸ್ತಾ ಹೋಗೋದೂ ಮತ್ತೆ ಆ "ಹಗುರ" ಹುಡುಕೋದೇ, ಎರಡು ದಿನ ಸಮಾಧಾನ ಆಮೇಲೆ ಅದೇ ಕಥೆ.

ಪ್ಯಾನಿಕ್ ಜೊತೆ ಜೊತೆಗೆ ಬರೋದು ಅಗೋರಾಫೋಬಿಯಾ. ಬಸ್ ರೈಲು, ವಿಶಾಲ ಬಯಲು, ಮುಚ್ಚಿದ ಜಾಗ, ಕ್ಯೂ ಅಥವಾ ಜನಜಂಗುಳಿ, ಮನೆಯಿಂದ ಒಬ್ಬರೇ ಹೊರಗೆ ಹೋಗೋದು, ಈ ಐದರಲ್ಲಿ ಎರಡಕ್ಕಾದ್ರೂ "ಇಲ್ಲಿ ಎಂತಾದ್ರೂ ಆದ್ರೆ ತಪ್ಪಿಸ್ಕೊಳ್ಳೋದು ಹೇಗೆ, ನೋಡೋರು ಯಾರು" ಅಂತ ಹೆದರಿ 6 ತಿಂಗಳಾಯ್ತು ಅಂದ್ರೆ ಅದು. ನಮ್ಮವರಲ್ಲಿ ಇದು ಆಸ್ಪತ್ರೆ ದೂರದ ಲೆಕ್ಕದಲ್ಲಿ ಕಾಣ್ತದೆ. 2020ರಲ್ಲಿ ಲಾಕ್‌ಡೌನ್ ಟೈಮಲ್ಲಿ ಕರ್ನಾಟಕ ಗಡಿಯ ತಲಪಾಡಿ ಗೇಟ್ ಬಂದ್ ಆಗಿ ಮಂಗಳೂರಿಗೆ ಆಂಬುಲೆನ್ಸ್ ಬಿಡದೆ ಇದ್ದದ್ದು ಮರೆತಿಲ್ಲ ತಾನೆ, ಆಗ ಹೆದರಿದ್ದು ಸರಿಯೇ. ಈಗ ಗೇಟೆಲ್ಲ ಓಪನ್ ಇದ್ರೂ, ಮಂಗಳೂರಿನ ದೊಡ್ಡ ಆಸ್ಪತ್ರೆ ಹತ್ತಿರ ಇಲ್ಲ ಅಂತ ನೆಂಟರ ಮನೆಗೆ ಮುಳ್ಳೇರಿಯಾ ಆಡೂರಿಗೂ ಹೋಗದೆ ಇರೋದಾದ್ರೆ ಅದು ಬೇರೆ.

ಸದ್ದಿಲ್ಲದೆ ಇರೋದು

ಪ್ಯಾನಿಕ್ ಗಲಾಟೆ ಮಾಡಿ ಬರ್ತದೆ, ಜನರಲೈಸ್ಡ್ ಆಂಗ್ಸೈಟಿ ಹಾಗಲ್ಲ. ವರ್ಷಗಟ್ಟಲೆ ಇದ್ರೂ "ಅವಳ ಸ್ವಭಾವವೇ ಹಾಗೆ, ಎಲ್ಲದಕ್ಕೂ ಮಂಡೆಬೆಚ್ಚ" ಅಂತ ಮನೆಯವರು ತೀರ್ಮಾನ ಮಾಡಿ ಆಗಿರ್ತದೆ. 6 ತಿಂಗಳಿಂದ, ಚಿಂತೆ ಇಲ್ಲದ ದಿನಕ್ಕಿಂತ ಚಿಂತೆ ಇರೋ ದಿನವೇ ಜಾಸ್ತಿ, ಒಂದಲ್ಲ ಹಲವು ವಿಷ್ಯಕ್ಕೆ, ನಿಲ್ಲಿಸ್ಬೇಕು ಅಂದ್ರೂ ನಿಲ್ಲೋದಿಲ್ಲ. ಜೊತೆಗೆ ಕೂತಲ್ಲಿ ಕೂರಲಾಗದ ಚಡಪಡಿಕೆ, ಬೇಗ ಸುಸ್ತು, ಮನಸ್ಸು ಒಂದು ಕಡೆ ನಿಲ್ಲದೆ ಇರೋದು, ಸಿಡಿಮಿಡಿ, ಕುತ್ತಿಗೆ ಭುಜ ಬಿಗಿಯಾಗಿರೋದು, ನಿದ್ದೆ ಸರಿ ಇಲ್ಲದೆ ಇರೋದು, ಈ ಆರರಲ್ಲಿ ದೊಡ್ಡವರಿಗೆ ಮೂರು, ಮಕ್ಕಳಿಗೆ ಒಂದು ಇದ್ರೂ ಸಾಕು. ಗಂಡಸರಲ್ಲಿ ಇದು ಹೆಚ್ಚಾಗಿ ಸಿಡಿಮಿಡಿಯಾಗಿ ಹೊರಗೆ ಬರೋದು ಅಂತ ನಂಗೆ ಕಾಣ್ತದೆ, ಹೆದರಿಕೆ ಅಂತ ಹೇಳ್ಲಿಕ್ಕೆ ನಾಚಿಕೆ, ಸಿಟ್ಟು ಮಾಡ್ಲಿಕ್ಕೆ ನಾಚಿಕೆ ಇಲ್ಲ.

ಕುತ್ತಿಗೆ ನೋವಿಗೆ ಎಣ್ಣೆ, ನಿದ್ದೆಗೆ ಮಾತ್ರೆ, ಹೊಟ್ಟೆ ಉರಿಗೆ ಇನ್ನೊಂದು ಮಾತ್ರೆ ಅಂತ ಮೂರು ಕಡೆ ಮೂರು ಮದ್ದು ತಗೊಳ್ಳೋರನ್ನ ಕೌಂಟರಲ್ಲಿ ನೋಡ್ತೇನೆ, ಮೂರನ್ನೂ ಒಬ್ಬ ಡಾಕ್ಟ್ರ ಹತ್ರ ಒಟ್ಟಿಗೆ ಹೇಳಿದ್ರೆ ಕಥೆಯೇ ಬೇರೆ ಆಗ್ತಿತ್ತು.

ಸೋಶಿಯಲ್ ಆಂಗ್ಸೈಟಿ ಅಂದ್ರೆ ಬರೀ ನಾಚಿಕೆ ಅಲ್ಲ. ನಾಲ್ಕು ಜನ ನೋಡುವಾಗ ತಪ್ಪಾಗ್ತದೆ, ನಗ್ತಾರೆ ಅಂತ ಹೆದರಿ, ಹಾಜರಿ ಕರೆಯುವಾಗ "ಪ್ರೆಸೆಂಟ್" ಹೇಳ್ಲಿಕ್ಕೂ ಎದೆ ಹೊಡ್ಕೊಳ್ಳೋದು, ಜನರ ಎದುರು ಉಣ್ಲಿಕ್ಕೆ ಸೈನ್ ಹಾಕ್ಲಿಕ್ಕೆ ಕೈ ನಡುಗೋದು, ಅದಕ್ಕಾಗಿ ಇಂಟರ್‌ವ್ಯೂ ಬಿಡೋದು, ಪ್ರಮೋಷನ್ ಬೇಡ ಅನ್ನೋದು. ಇದಕ್ಕೂ 6 ತಿಂಗಳ ಲೆಕ್ಕ. ನಮ್ಮಲ್ಲಿ ಇದರ ಜೊತೆ ಇನ್ನೊಂದು ಗೊಂದಲ ಉಂಟು, ಕನ್ನಡ ಮೀಡಿಯಂ ಓದಿದ ಹುಡುಗ ಸರ್ಕಾರಿ ಆಫೀಸಿಗೆ ಹೋಗಿ ಮಲಯಾಳಂ ಮಾತಾಡ್ಲಿಕ್ಕೆ ತಡವರಿಸ್ತಾನೆ, ಅದನ್ನೇ ಕಾಯಿಲೆ ಅನ್ಲಿಕ್ಕೆ ಆಗೋದಿಲ್ಲ, ಭಾಷೆ ಬಾರದ್ದಕ್ಕೆ ಸಂಕೋಚ ಯಾರಿಗೂ ಇರ್ತದೆ. ಪರೀಕ್ಷೆ ಮಾಡೋದು ಸುಲಭ: ಅದೇ ಹುಡುಗ ಪುತ್ತೂರಲ್ಲೋ ಮಂಗಳೂರಲ್ಲೋ ಕನ್ನಡ ತುಳು ಮಾತಾಡೋ ಜನರ ನಡುವೆ ಹೇಗಿರ್ತಾನೆ? ಅಲ್ಲಿ ಲೀಲಾಜಾಲ ಮಾತಾಡಿದ್ರೆ ಅದು ಭಾಷೆಯ ಪ್ರಶ್ನೆ. ಅಲ್ಲೂ ಮೂಲೆ ಹಿಡಿದ್ರೆ ವಿಚಾರಿಸ್ಬೇಕು.

ಮಕ್ಕಳಲ್ಲೂ ಹೀಗೆಯೇ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡೋ ಮಗು ಶಾಲೆಯಲ್ಲಿ ಒಂದಕ್ಷರ ಆಡೋದಿಲ್ಲ, ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅಂತ ಹೆಸರುಂಟು, ಆದ್ರೆ ಶಾಲೆಗೆ ಸೇರಿದ ಮೊದಲ ತಿಂಗಳನ್ನ ಲೆಕ್ಕಕ್ಕೆ ತಗೊಳ್ಳೋದಿಲ್ಲ, ಮತ್ತೆ ಆ ಭಾಷೆ ಗೊತ್ತಿಲ್ಲದೆ ಸುಮ್ಮನಿದ್ರೂ ಅದಲ್ಲ. ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ ಮಾತಾಡಿ ಒಮ್ಮೆಲೇ ಇಂಗ್ಲಿಷ್ ಮೀಡಿಯಂಗೆ ಹಾಕಿದ ಮಗುವಿಗೆ ಸಮಯ ಕೊಡಿ, ಟೀಚರ್ ಹತ್ರ ಮಗುವಿನ ಭಾಷೆಯಲ್ಲೇ ಎರಡು ಮಾತಾಡ್ಲಿಕ್ಕೆ ಹೇಳಿ. ಇನ್ನು ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಭಾನುವಾರ ಸರಿ, ಅಪ್ಪ ಅಮ್ಮನ್ನ ಬಿಟ್ಟು ಇರಲಾಗದೆ ಅಳೋದು, ಬೇರೆ ಮಲಗೋದೇ ಇಲ್ಲ, ಹೀಗೆ ದೊಡ್ಡ ಪ್ರಾಯದ ಮಗುವಲ್ಲಿ 4 ವಾರಕ್ಕಿಂತ ಜಾಸ್ತಿ ನಡೆದ್ರೆ ಸೆಪರೇಶನ್ ಆಂಗ್ಸೈಟಿ ಇರಬಹುದು. ನಾಟಕ ಅಂತ ಬೈಬೇಡಿ, ಹೊಟ್ಟೆ ನಿಜಕ್ಕೂ ನೋಯ್ತದೆ. ಶಾಲೆಯಲ್ಲಿ ಯಾರಾದ್ರೂ ಹೊಡೀತಾರಾ, ತಮಾಷೆ ಮಾಡ್ತಾರಾ ಅಂತ ಮೊದ್ಲು ಕೇಳಿ.

ಹಾವು, ನಾಯಿ, ಗುಡುಗು, ಎತ್ತರ ಇವಕ್ಕೆಲ್ಲ ಹೆದರೋ ಫೋಬಿಯಾ ಬಗ್ಗೆ ಜಾಸ್ತಿ ಹೇಳೋದಿಲ್ಲ, ನಮ್ಮ ತೋಟಗಳಲ್ಲಿ ಹಾವಿಗೆ ಹೆದರದವನೇ ಡೇಂಜರ್. ರಕ್ತ ಮತ್ತೆ ಇಂಜೆಕ್ಷನಿನ ಹೆದರಿಕೆ ಮಾತ್ರ ಬೇರೆ ಜಾತಿದ್ದು. ಬೇರೆ ಫೋಬಿಯಾದಲ್ಲಿ ಬಿಪಿ ಏರ್ತದೆ, ಇದರಲ್ಲಿ ಏರಿ ಮತ್ತೆ ದಡಕ್ಕನೆ ಇಳಿದು ತಲೆ ಸುತ್ತಿ ಬೀಳ್ತಾರೆ. ಅಂಥವರು ಬ್ಲಡ್ ಟೆಸ್ಟಿಗೆ ಹೋಗುವಾಗ ಮಲಗಿಯೇ ಕೊಡ್ತೇನೆ ಅಂತ ಹೇಳಿ, ಮತ್ತೆ ಸೂಜಿ ಹಾಕದ ಕೈ, ಎರಡು ಕಾಲು, ಹೊಟ್ಟೆಯ ಸ್ನಾಯು ಎಲ್ಲ 10-15 ಸೆಕೆಂಡು ಬಿಗಿ ಹಿಡಿದು, ಅರ್ಧ ನಿಮಿಷದಷ್ಟು ಬಿಟ್ಟು, ಪುನಃ ಬಿಗಿ ಹಿಡಿದು, ಹೀಗೆ ನಾಲ್ಕೈದು ಸಲ. ಬಿಪಿ ಬೀಳದೆ ನಿಲ್ತದೆ.

ಆಂಗ್ಸೈಟಿಯ ವೇಷ ಹಾಕಿ ಬರೋ ಬೇರೆ ಕಾಯಿಲೆಗಳು

ಮನಸ್ಸಿನ ಡಾಕ್ಟ್ರ ಹತ್ರ ಹೋಗುವ ಮೊದ್ಲು ಅಥವಾ ಜೊತೆಗೇ ಕೆಲವು ನೋಡ್ಬೇಕು. ಥೈರಾಯ್ಡ್ ಜಾಸ್ತಿ ಆದ್ರೆ ಎದೆ ಬಡಿತ, ನಡುಕ, ಬೆವರು, ತೂಕ ಇಳಿಯೋದು ಎಲ್ಲಾ ಬರ್ತದೆ, ಟಿಎಸ್‌ಎಚ್ ಟೆಸ್ಟಲ್ಲಿ ಗೊತ್ತಾಗ್ತದೆ. ಹಿಮೋಗ್ಲೋಬಿನ್ ಕಮ್ಮಿ ಇದ್ರೆ ಏದುಸಿರು ಮತ್ತೆ ಬಡಿತ. ಶುಗರಿನ ಮಾತ್ರೆ ತಗೊಂಡು ಊಟ ತಡ ಮಾಡಿದ್ರೆ ಶುಗರ್ ಇಳಿದು ನಡುಕ ಬೆವರು, ಅದು ಥೇಟ್ ಪ್ಯಾನಿಕ್ ಹಾಗೆ ಕಾಣ್ತದೆ. ಆಸ್ತಮಾದ ಸಾಲ್ಬುಟಮಾಲ್ ಪಂಪ್ ಜಾಸ್ತಿ ಹೊಡೆದ್ರೂ ಕೈ ನಡುಕ, ಎದೆ ಓಟ.

ಮತ್ತೆ ಬಾಯಿಗೆ ಹಾಕೋದು. ದಿನಕ್ಕೆ ಎಷ್ಟು ಚಾ ಕಾಫಿ ಅಂತ ಲೆಕ್ಕ ಹಾಕಿ. ನಾವೇ ಬೆಳೆಯೋ ಅಡಿಕೆಯಲ್ಲಿ ಅರೆಕೋಲಿನ್ ಅಂತ ಉಂಟು, ಅಭ್ಯಾಸ ಇಲ್ಲದವರು ಎಲೆಯಡಿಕೆ ಹಾಕಿದ್ರೆ ಮೈ ಬಿಸಿಯೇರಿ ಬೆವರಿ ಎದೆ ಬಡ್ಕೊಳ್ಳೋದು ನೋಡಿರ್ತೀರಿ, ಹೊಗೆಸೊಪ್ಪು ಸೇರಿದ್ರೆ ನಿಕೋಟಿನ್ ಬೇರೆ. ದಿನಾ ರಾತ್ರಿ ಕುಡಿಯೋರಿಗೆ ಬೆಳಿಗ್ಗೆ ಕೈ ನಡುಗಿ ಗಾಬರಿ ಆಗೋದು ಹೆಚ್ಚಾಗಿ ಅಮಲು ಇಳಿಯುವಾಗಿನದ್ದು, ಅದನ್ನ ಆಂಗ್ಸೈಟಿ ಅಂತ ತಿಳ್ಕೊಂಡು ಸಂಜೆ ಪುನಃ ಕುಡಿದು "ಗುಣ" ಮಾಡ್ಕೊಳ್ತಾರೆ. ತುಂಬಾ ಕುಡಿಯೋರು ಒಮ್ಮೆಲೇ ಬಿಟ್ರೆ ಫಿಟ್ಸ್ ಬರಬಹುದು, ಡಾಕ್ಟ್ರನ್ನ ಕೇಳಿಯೇ ಬಿಡೋದು.

ಮನೆಯಲ್ಲೇ ಒಂದು ಅಳತೆ

ಜಿಎಡಿ-7 ಅಂತ ಒಂದು ಚಿಕ್ಕ ಪ್ರಶ್ನಾವಳಿ ಉಂಟು, 2006ರಲ್ಲಿ ಬಂದದ್ದು, ಡಾಕ್ಟ್ರುಗಳೂ ಇದನ್ನೇ ಬಳಸ್ತಾರೆ, ಫ್ರೀ. ಕಳೆದ ಎರಡು ವಾರದಲ್ಲಿ ಇದು ಎಷ್ಟು ದಿನ ಕಾಡಿತು ಅಂತ ಕೇಳ್ಕೊಳ್ಬೇಕು: ಗಾಬರಿ ಚಡಪಡಿಕೆ ಅನ್ನಿಸಿದ್ದು, ಚಿಂತೆ ನಿಲ್ಲಿಸ್ಲಿಕ್ಕೆ ಆಗದ್ದು, ಬೇರೆ ಬೇರೆ ವಿಷ್ಯಕ್ಕೆ ಅತಿಯಾಗಿ ಚಿಂತೆ ಮಾಡಿದ್ದು, ಆರಾಮ ಮಾಡ್ಲಿಕ್ಕೆ ಆಗದ್ದು, ಕೂತಲ್ಲಿ ಕೂರಲಾಗದ್ದು, ಬೇಗ ಸಿಟ್ಟು ಬಂದದ್ದು, ಎಂತದೋ ಕೆಟ್ಟದ್ದು ಆಗ್ತದೆ ಅಂತ ಹೆದರಿದ್ದು. ಇಲ್ಲವೇ ಇಲ್ಲ ಅಂದ್ರೆ 0, ಕೆಲವು ದಿನ 1, ಅರ್ಧಕ್ಕಿಂತ ಜಾಸ್ತಿ ದಿನ 2, ಹೆಚ್ಚುಕಮ್ಮಿ ದಿನಾ 3. ಕೂಡಿಸಿ. 5ರಿಂದ ಸ್ವಲ್ಪ, 10ರಿಂದ ಮಧ್ಯಮ, 15ರಿಂದ 21ರ ವರೆಗೆ ತೀವ್ರ. 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ತಡ ಮಾಡದೆ ತೋರಿಸಿ. ಕಮ್ಮಿ ಬಂದ್ರೂ ಮೊದ್ಲು ಹೇಳಿದ ಪಟ್ಟಿ ಉದ್ದ ಇದ್ರೆ ತೋರಿಸಿ, ಯಾಕಂದ್ರೆ ಎಲ್ಲಿಗೂ ಹೋಗದೆ ಮನೆಯಲ್ಲೇ ಕೂತವರಿಗೆ ಸ್ಕೋರ್ ಕಮ್ಮಿ ಬರ್ಲಿಕ್ಕೂ ಸಾಕು, ಹೆದರಿಸುವಂಥದ್ದು ಎದುರಿಗೆ ಬಂದ್ರೆ ತಾನೆ ಹೆದರೋದು. ಚೀಟಿಯಲ್ಲಿ ತಾರೀಕು ಹಾಕಿ ಇಟ್ಕೊಳ್ಳಿ.

ಎಲ್ಲಿಗೆ ಹೋಗೋದು, ಎಂತ ಹೇಳೋದು

ಜಗತ್ತಲ್ಲಿ 2019ರಲ್ಲಿ 30 ಕೋಟಿಗೂ ಜಾಸ್ತಿ ಜನಕ್ಕೆ ಆಂಗ್ಸೈಟಿ ಡಿಸಾರ್ಡರ್ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಚಿಕಿತ್ಸೆ ಸಿಗೋದು ನಾಲ್ಕರಲ್ಲಿ ಒಬ್ಬರಿಗೆ ಅಷ್ಟೆ. ನಮ್ಮಲ್ಲಿ ಕೆಲವರಿಗೆ ತಡ ಆಗೋದು ಸೈಕಿಯಾಟ್ರಿಸ್ಟ್ ಬೋರ್ಡಿನ ಎದುರು ಗುರ್ತದವರು ನೋಡಿದ್ರೆ ಅನ್ನೋದಕ್ಕೆ. ಹಾಗಿದ್ರೆ ಮೊದ್ಲು ಹತ್ತಿರದ ಪಿಎಚ್‌ಸಿ ಅಥವಾ ಮಾಮೂಲು ಡಾಕ್ಟ್ರ ಹತ್ರವೇ ಹೋಗಿ, ಶುರುವಿನ ಚಿಕಿತ್ಸೆ ಅವರೂ ಮಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟ್ರು ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆ ಹತ್ರ ಕೇಳಿ. ಫೋನಲ್ಲಿ ಮಾತಾಡ್ಲಿಕ್ಕೆ ಟೆಲಿ ಮಾನಸ್ 14416, 2022ರ ಅಕ್ಟೋಬರ್ 10ಕ್ಕೆ ಶುರುವಾದ್ದು, ದಿನದ 24 ಗಂಟೆ, ಖರ್ಚಿಲ್ಲ, ಭಾಷೆ ಆರಿಸ್ಲಿಕ್ಕೆ ಆಗ್ತದೆ, ಕನ್ನಡವೂ ಉಂಟು ಮಲಯಾಳವೂ ಉಂಟು. ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ನಂಬರ್ 1056. ಬದುಕೋದೇ ಬೇಡ ಅನ್ನೋ ಯೋಚನೆ ಬಂದಿದ್ರೆ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಈಗಲೇ 14416ಕ್ಕೆ ಫೋನ್ ಮಾಡಿ, ಇಲ್ಲ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಕ್ಯಾಶುವಲ್ಟಿಗೆ ಹೋಗಿ.

ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮುಗಿಸಿ ಈ ವಿಷ್ಯ ಓದಿದವರು, ಮದ್ದು ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮದ್ದು ಬರೆಯೋದಿಲ್ಲ, ಥೆರಪಿ ಕೊಡ್ತಾರೆ, ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ರಿಜಿಸ್ಟ್ರೇಶನ್ ಉಂಟಾ ಅಂತ ಕೇಳಿ, ಕೇಳ್ಲಿಕ್ಕೆ ನಾಚಿಕೆ ಬೇಡ.

ಡಾಕ್ಟ್ರ ಎದುರು ಕೂತ ಕೂಡ್ಲೇ "ಗ್ಯಾಸ್" ಅಂದ್ರೆ ಗ್ಯಾಸಿನ ಮಾತ್ರೆ ಬರ್ತದೆ. ಯಾವಾಗ ಬರ್ತದೆ, ಎಷ್ಟು ಹೊತ್ತು ಇರ್ತದೆ, ಆವಾಗ ಮನಸ್ಸಲ್ಲಿ ಎಂತ ಓಡ್ತದೆ, ಇದರಿಂದ ಎಂತ ಬಿಟ್ಟಿದ್ದೀರಿ ಅಂತ ಹೇಳಿ. ಕನ್ನಡ ಬಾರದ ಡಾಕ್ಟ್ರಾದ್ರೆ ಮಲಯಾಳಂನಲ್ಲಿ ಎದೆ ಬಡಿತಕ್ಕೆ ನೆಂಜಿಡಿಪ್ಪ್, ಗಾಬರಿ ಚಡಪಡಿಕೆಗೆ ವೆಪ್ರಾಳಂ, ಹೆದರಿಕೆಗೆ ಪೇಡಿ, ಏದುಸಿರಿಗೆ ಶ್ವಾಸಂಮುಟ್ಟಲ್, ನಿದ್ದೆ ಇಲ್ಲದ್ದಕ್ಕೆ ಉರಕ್ಕಮಿಲ್ಲ, ಇಷ್ಟು ಗೊತ್ತಿದ್ರೆ ಸಾಕು. ಇದಕ್ಕೆ ಪಕ್ಕದ ಮನೆಯವರನ್ನ ದುಭಾಷಿ ಮಾಡ್ಕೊಂಡು ಹೋಗೋದು ನಂಗೆ ಸರಿ ಕಾಣೋದಿಲ್ಲ, ಅವರ ಎದುರು ಅರ್ಧ ವಿಷ್ಯ ಬಾಯಿಗೇ ಬರೋದಿಲ್ಲ.

ಥೆರಪಿಯಲ್ಲಿ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಅನ್ನೋದಕ್ಕೆ ಒಳ್ಳೆ ಆಧಾರ ಉಂಟು. ಬಿಟ್ಟದ್ದನ್ನ ಸಣ್ಣ ಸಣ್ಣ ಹೆಜ್ಜೆಯಲ್ಲಿ ವಾಪಸ್ ಮಾಡಿಸೋದೇ ಅದರ ದೊಡ್ಡ ಪಾಲು: ಮೊದ್ಲು ಬಸ್‌ಸ್ಟ್ಯಾಂಡಲ್ಲಿ ನಿಂತು ಬರೋದು, ಆಮೇಲೆ ಒಂದು ಸ್ಟಾಪ್ ಜೊತೆಗಾರರೊಟ್ಟಿಗೆ, ಆಮೇಲೆ ಒಬ್ಬರೇ ಕುಂಬಳೆ ವರೆಗೆ, ಹೆದರಿಕೆ ಇಳಿಯೋ ವರೆಗೆ ಅಲ್ಲೇ ಇರೋದು, ನಡುವೆ ಇಳಿದು ಓಡದೆ.

ಮದ್ದಿನ ವಿಷ್ಯ ನನ್ನ ಕೌಂಟರಿನದ್ದು, ಸ್ವಲ್ಪ ಜಾಸ್ತಿ ಹೇಳ್ತೇನೆ. ಎಸಿಟಾಲೊಪ್ರಾಮ್, ಸರ್ಟ್ರಲಿನ್ ಇಂಥದ್ದು ಬರೆದ್ರೆ ಕೆಲಸ ಶುರುವಾಗ್ಲಿಕ್ಕೆ ಕೆಲವು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸೋದು, ಚಡಪಡಿಕೆ ಜಾಸ್ತಿಯಾಗೋದೂ ಉಂಟು, ಅಲ್ಲಿಗೇ "ಈ ಮಾತ್ರೆ ಆಗೋದಿಲ್ಲ" ಅಂತ ಬಿಡೋರೇ ಹೆಚ್ಚು. ಬಿಡುವ ಮೊದ್ಲು ಡಾಕ್ಟ್ರಿಗೆ ಒಂದು ಫೋನ್ ಮಾಡಿ. ಇದಕ್ಕೆ ಚಟ ಹಿಡಿಯೋದಿಲ್ಲ, ಆದ್ರೆ ಒಮ್ಮೆಲೇ ನಿಲ್ಲಿಸಿದ್ರೆ ತಲೆ ತಿರುಗು, ಕಿರಿಕಿರಿ ಆಗ್ತದೆ, ಹಾಗಾಗಿ ಡಾಕ್ಟ್ರು ಹೇಳಿದ ಹಾಗೆ ನಿಧಾನಕ್ಕೆ ಇಳಿಸೋದು.

ಆಲ್‌ಪ್ರಜೋಲಾಮ್, ಡಯಾಜೆಪಾಮ್ ಕಥೆ ಬೇರೆ. ಅರ್ಧ ಗಂಟೆಯಲ್ಲಿ ಎಲ್ಲಾ ತಣ್ಣಗಾಗ್ತದೆ, ಅದಕ್ಕೇ ಜನರಿಗೆ ಇಷ್ಟ, ಅದಕ್ಕೇ ಚಟ. ಕೆಲವು ದಿನಕ್ಕೆ ಅಂತ ಡಾಕ್ಟ್ರು ಬರೆದದ್ದನ್ನ ವರ್ಷಗಟ್ಟಲೆ ನುಂಗ್ತಾ ಇರೋರು ಇದ್ದಾರೆ, ಅಂಥವರು ತಾವಾಗಿ ಒಮ್ಮೆಲೇ ನಿಲ್ಲಿಸ್ಲೂ ಬಾರದು. ಇದು ಎಚ್1 ಶೆಡ್ಯೂಲಿನ ಮದ್ದು, 2014ರ ಮಾರ್ಚಿಂದ ನಮ್ಮಂಥವರು ಚೀಟಿ ನೋಡಿ ರೋಗಿ ಹೆಸರು, ಡಾಕ್ಟ್ರ ಹೆಸರು ಎಲ್ಲಾ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡ್ಬೇಕು. ಹಾಗಾಗಿ "ಒಂದು ನಿದ್ದೆ ಮಾತ್ರೆ ಕೊಡಿ ಅಣ್ಣ, ಗುರ್ತ ಇಲ್ವಾ" ಅಂತ ಬಂದವರಿಗೆ ಇಲ್ಲ ಅಂದ್ರೆ ಸಿಟ್ಟು ಮಾಡ್ಬೇಡಿ. ಎದೆ ಬಡಿತ ಇಳಿಸೋ ಪ್ರೊಪ್ರನಲೋಲ್ ಕೂಡ ಪಕ್ಕದ ಮನೆಯವರ ಸ್ಟ್ರಿಪ್ಪಿಂದ ತಗೊಳ್ಳೋ ಮದ್ದಲ್ಲ, ಆಸ್ತಮಾ ಇರೋರಿಗೆ ಅದು ಅಪಾಯ.

ಮನೆಯವರು

ಅಟ್ಯಾಕ್ ಬಂದಾಗ ಸುತ್ತ ಹತ್ತು ಜನ ಸೇರಿ ಗಾಳಿ ಹಾಕೋದು, ಸೋಡಾ ಶರಬತ್ತು ಕುಡಿಸೋದು, ಪ್ಲಾಸ್ಟಿಕ್ ಕವರಿಗೆ ಉಸಿರು ಬಿಡಿಸೋದು, ಯಾವುದೂ ಬೇಡ, ಕವರ್ ಅಂತೂ ಅಪಾಯ. ಒಬ್ಬರು ಹತ್ತಿರ ಕೂತು, "ಇದು ಮೊದ್ಲು ಬಂದದ್ದೇ, ಡಾಕ್ಟ್ರು ನೋಡಿದ್ದಾರೆ, ಇಳೀತದೆ" ಅಂತ ಸಾವಕಾಶ ಹೇಳಿ, ಮೂಗಲ್ಲಿ ನಾಲ್ಕು ಎಣಿಸೋ ವರೆಗೆ ಉಸಿರು ತಗೊಂಡು ಆರು ಎಣಿಸೋ ವರೆಗೆ ಬಿಡ್ಲಿಕ್ಕೆ ಜೊತೆಗೆ ನೀವೂ ಮಾಡಿ. ಮುಗಿದ ಮೇಲೆ ಸಾಧ್ಯ ಆದ್ರೆ ಮಾಡ್ತಿದ್ದ ಕೆಲಸ ಮುಂದುವರಿಸ್ಲಿ.

ಪ್ರೀತಿಯಲ್ಲಿ ಮಾಡೋ ತಪ್ಪು ಒಂದುಂಟು. ಅವಳಿಗೆ ಹೆದರಿಕೆ ಅಂತ ಅಂಗಡಿಗೆ ಗಂಡನೇ ಹೋಗೋದು, ಬ್ಯಾಂಕಿಗೆ ಮಗನೇ ಹೋಗೋದು, ಫೋನ್ ಅತ್ತೆನೇ ಎತ್ತೋದು, ಹೀಗೆ ಮನೆಯವರೇ ಪಟ್ಟಿ ಉದ್ದ ಮಾಡಿ ಕೊಡ್ತಾರೆ. ಒಮ್ಮೆಲೇ ಕೈಬಿಡಿ ಅಂತ ಅಲ್ಲ, ಡಾಕ್ಟ್ರು ಅಥವಾ ಥೆರಪಿಸ್ಟ್ ಹತ್ರ ಮಾತಾಡಿ ಒಂದೊಂದಾಗಿ ವಾಪಸ್ ಕೊಡಿ. "ಧೈರ್ಯ ಮಾಡು, ಮಂಡೆಬೆಚ್ಚ ಮಾಡ್ಬೇಡ" ಅಂತ ಹೇಳೋದ್ರಲ್ಲಿ ಪ್ರಯೋಜನ ಇಲ್ಲ, ಮಾಡದೆ ಇರ್ಲಿಕ್ಕೆ ಆಗಿದ್ರೆ ಅವರು ಯಾವಾಗಲೋ ಬಿಡ್ತಿದ್ರು. ಜ್ಯೋತಿಷ್ಯರ ಹತ್ರ ಪ್ರಶ್ನೆ ಇಡಿಸ್ಬೇಕು, ದೈವಕ್ಕೆ ಹರಕೆ ಹೇಳ್ಬೇಕು, ನೂಲು ಕಟ್ಟಿಸ್ಬೇಕು ಅಂತ ಹಿರಿಯರು ಹೇಳಿದ್ರೆ ಅದಕ್ಕೆ ಜಗಳ ಮಾಡ್ಬೇಡಿ, ಮಾಡಿಸಿ, ಆದ್ರೆ ನೂಲು ಕಟ್ಟಿದ ದಿನವೂ ಮಾತ್ರೆ ತಪ್ಪಬಾರದು ಅಂತ ಮಾತ್ರ ಗಟ್ಟಿ ಹೇಳಿ.

ಚಿಕಿತ್ಸೆ ಶುರು ಮಾಡಿ ನಾಲ್ಕರಿಂದ ಆರು ವಾರ ಆದಾಗ ಅದೇ ಜಿಎಡಿ-7 ಪುನಃ ತುಂಬಿಸಿ, ಹಳೆ ಚೀಟಿಯನ್ನೂ ಬಿಟ್ಟದ್ದರ ಪಟ್ಟಿಯನ್ನೂ ಡಾಕ್ಟ್ರಿಗೆ ತೋರಿಸಿ. ಸ್ಕೋರ್ ಇಳಿದಿದೆ ಆದ್ರೆ ಪಟ್ಟಿಯಲ್ಲಿ ಒಂದೂ ಹೊಡೆದು ಹಾಕಿಲ್ಲ ಅಂದ್ರೆ ಅದನ್ನೂ ಹೇಳಿ, ಬರೀ ಮದ್ದು ಸಾಕಾ ಥೆರಪಿ ಸೇರಿಸ್ಬೇಕಾ ಅಂತ ತೀರ್ಮಾನ ಮಾಡ್ಲಿಕ್ಕೆ ಅವರಿಗೆ ಅದು ಬೇಕು. ಬರೋವಾಗ ಮುಂದಿನ ತಾರೀಕು ಚೀಟಿಯಲ್ಲೇ ಬರೆಸ್ಕೊಂಡು ಬನ್ನಿ.